ಕೈಕೆಳಗೆ ನಾಲ್ಕು ಜನ ಬಂದ್ರೆ ಎಂತ ಮಾಡುದು? ದಿನಾ ಮಾಡ್ಲಿಕ್ಕಾಗುವ ಕೆಲವು ಅಭ್ಯಾಸ

ಒಂದೇ ಪ್ರಶ್ನೆ ಪುನಃ ಪುನಃ ಬರ್ತಾ ಉಂಟು, ಹಾಗಾಗಿ ಒಮ್ಮೆ ಕೂತು ಪೂರ್ತಿ ಬರ್ದು ಬಿಡುವ ಅಂತ. ನಮ್ಮ ಕಾಸರಗೋಡಿನ ಪೆರ್ಲದಲ್ಲಿ ಬೇಕರಿ ಇಟ್ಟವರು ಕೇಳ್ತಾರೆ, ಉಪ್ಪಳದಲ್ಲಿ ಬಟ್ಟೆ ಅಂಗಡಿಗೆ ಸೂಪರ್‌ವೈಸರ್ ಆದವರು ಕೇಳ್ತಾರೆ, ಕುಟುಂಬಶ್ರೀಯಲ್ಲಿ, ಅಂದ್ರೆ ಕೇರಳ ಸರಕಾರದ ಹೆಂಗಸರ ಸ್ವಸಹಾಯ ಗುಂಪುಗಳಲ್ಲಿ, ಹೊಸತಾಗಿ ಸೆಕ್ರೆಟರಿ ಆದ ಅಕ್ಕಂದಿರು ಕೇಳ್ತಾರೆ. ಮಾತು ಬೇರೆ ಬೇರೆ, ಸಂಕಟ ಒಂದೇ: ಜನ ನಿಲ್ಲುದಿಲ್ಲ, ಹೇಳಿದ ಕೆಲಸ ಹೇಳಿದ ಹಾಗೆ ಆಗುದಿಲ್ಲ, ಕಡೆಗೆ ಎಲ್ಲ ನಾನೇ ಮಾಡ್ಬೇಕು, ಮಂಡೆಬಿಸಿ ಆಗಿ ಹೋಗ್ತದೆ ಮಾರಾಯ್ರೆ ಅಂತ.

ನಾನು ಮ್ಯಾನೇಜ್‌ಮೆಂಟ್ ಓದಿದವ ಅಲ್ಲ. ಬದಿಯಡ್ಕ ಕಡೆ ಅಡಿಕೆ ವ್ಯಾಪಾರ, ಒಂದು ಗಾರ್ಬಲ್ ಶೆಡ್ ಉಂಟು, 14 ಜನ ಕೆಲಸಕ್ಕೆ. ಗಾರ್ಬಲ್ ಅಂದ್ರೆ ಗೊತ್ತಿಲ್ಲದವರಿಗೆ, ಸುಲಿದ ಅಡಿಕೆಯನ್ನು ಗಾತ್ರ, ಬಣ್ಣ, ಗುಣ ನೋಡಿ ಬೇರೆ ಬೇರೆ ರಾಶಿ ಮಾಡುದು. ಇಪ್ಪತ್ತು ವರ್ಷದಲ್ಲಿ ಬೇಕಾದಷ್ಟು ಜನರನ್ನು ನಾನೇ ಓಡಿಸಿದ್ದೇನೆ, ಸಂಬಳ ಕಮ್ಮಿ ಆಗಿ ಹೋದವರು ಅದರಲ್ಲಿ ಅರ್ಧ ಇರ್ಬಹುದು, ಉಳಿದರ್ಧ ನನ್ನ ಬಾಯಿಗೆ ಹೆದರಿ ಹೋದದ್ದು. ಈಗ ನಾಲ್ಕೈದು ವರ್ಷದಿಂದ ಜನ ನಿಲ್ತಾ ಇದ್ದಾರೆ. ಎಂತ ಬದಲಾಯಿತು ಅಂತ ಕೇಳಿದ್ರೆ ದೊಡ್ಡದು ಎಂತದ್ದೂ ಇಲ್ಲ, ದಿನಾ ಮಾಡುವ ಸಣ್ಣ ಸಣ್ಣ ಕೆಲಸ ಅಷ್ಟೆ. ಗೂಗಲ್ ಕಂಪೆನಿಯವರು 2000ದ ದಶಕದ ಕೊನೆಗೆ ಪ್ರಾಜೆಕ್ಟ್ ಆಕ್ಸಿಜನ್ ಅಂತ ಹೆಸರಿಟ್ಟು, ನಮ್ಮಲ್ಲಿ ಒಳ್ಳೆ ಮ್ಯಾನೇಜರ್ ಅಂದ್ರೆ ಯಾರು ಅಂತ ಲೆಕ್ಕ ಹಾಕಿ ನೋಡಿದ್ರು, ಎಂಟು ಗುಣದ ಪಟ್ಟಿ ಬಂತು, ಅದರಲ್ಲಿ ಮೊದಲನೇದು ಕಲಿಸಿ ಬೆಳೆಸುವ ಗುಣ, ಕಟ್ಟಕಡೆಗೆ ಇದ್ದದ್ದು ಕೆಲಸದ ಟೆಕ್ನಿಕಲ್ ಜಾಣ್ಮೆ. ನಮ್ಮಲ್ಲಿ ಉಲ್ಟಾ, ಚಂದ ಕೆಲಸ ಬರುವವನನ್ನು ಮೇಸ್ತ್ರಿ ಮಾಡ್ತೇವೆ, ಅವನಿಗೆ ಕಲಿಸ್ಲಿಕ್ಕೆ ಬರ್ತದಾ ಅಂತ ಯಾರೂ ಕೇಳುದಿಲ್ಲ.

ಶುರು ಮಾಡುವ ಮೊದಲು ಎಂತ ಬೇಕು

ಒಂದು 200 ಪುಟದ ನೋಟ್ ಪುಸ್ತಕ. ಬೆಳಿಗ್ಗೆ 10 ನಿಮಿಷ, ತಿಂಗಳಿಗೊಮ್ಮೆ ಒಬ್ಬೊಬ್ಬರಿಗೆ 20 ನಿಮಿಷ. ಆ್ಯಪ್ ಬೇಡ, ಕ್ಲಾಸ್ ಬೇಡ. ಮೂರು ಶಬ್ದ ಮುಂದೆ ಬರ್ತದೆ, ಈಗಲೇ ಹೇಳಿ ಬಿಡ್ತೇನೆ: ಫೀಡ್‌ಬ್ಯಾಕ್ ಅಂದ್ರೆ ಮಾಡಿದ ಕೆಲಸ ಹೇಗಾಯ್ತು ಅಂತ ಮಾಡಿದವರಿಗೆ ತಿಳಿಸುದು, ಡೆಲಿಗೇಶನ್ ಅಂದ್ರೆ ನಿಮ್ಮ ಕೆಲಸವನ್ನು ಅಧಿಕಾರ ಸಮೇತ ಇನ್ನೊಬ್ಬರಿಗೆ ಬಿಟ್ಟು ಕೊಡುದು, ಒನ್ ಟು ಒನ್ ಅಂದ್ರೆ ಒಬ್ಬರನ್ನೇ ಕೂರಿಸಿ ಮಾತಾಡುದು.

ಎಲ್ಲ ಒಟ್ಟಿಗೆ ಶುರು ಮಾಡ್ಬೇಡಿ. ಎರಡು ವಾರಕ್ಕೆ ಒಂದು ಹಂತ ಹಿಡ್ಕೊಳ್ಳಿ, ಇಲ್ಲದಿದ್ರೆ ಮೂರನೇ ದಿನಕ್ಕೆ ನಿಮಗೇ ಬೇಡ ಅನಿಸ್ತದೆ.

1. ಬೆಳಿಗ್ಗೆ ಒಂದು ಸುತ್ತು

ಶೆಡ್ಡಿಗೋ ಅಂಗಡಿಗೋ ಬಂದ ಕೂಡ್ಲೆ ಕ್ಯಾಶ್ ಟೇಬಲಿಗೆ ಹೋಗಿ ಕೂರ್ಬೇಡಿ. ಮೊದಲು ಒಂದು ಸುತ್ತು ಬನ್ನಿ, ಎಲ್ಲರನ್ನೂ ಹೆಸರು ಹೇಳಿ ಮಾತಾಡಿಸಿ, ಅಕ್ಕ ಅಂತ ಕರೆಯುವವರನ್ನು ಅಕ್ಕ ಅಂತ, ಇಕ್ಕ ಅಂತ ಕರೆಯುವವರನ್ನು ಇಕ್ಕ ಅಂತ. ನಿನ್ನೆ ಮಗುವಿಗೆ ಜ್ವರ ಅಂತ ಅರ್ಧ ದಿನದಲ್ಲಿ ಹೋದವರು ಇದ್ರೆ ಜ್ವರ ಬಿಟ್ಟಿತಾ ಅಂತ ಕೇಳಿ. ಆಮೇಲೆ ಇವತ್ತಿನ ಕೆಲಸ ಎಂತ, ಯಾವುದಕ್ಕೆ ಅರ್ಜೆಂಟ್ ಉಂಟು, ಎಂತ ಸಾಮಾನು ಕಮ್ಮಿ ಉಂಟು, ಇಷ್ಟೇ.

ಜಪಾನಿನ ಕಾರು ಫ್ಯಾಕ್ಟರಿಗಳಲ್ಲಿ ಇದಕ್ಕೆ ಗೆಂಬಾ ಅನ್ನುವ ಶಬ್ದ ಉಪಯೋಗಿಸ್ತಾರೆ, ಕೆಲಸ ಆಗುವ ಜಾಗ ಅಂತ ಅರ್ಥ, ದೊಡ್ಡವರು ಅಲ್ಲಿಗೇ ಹೋಗಿ ಕಣ್ಣಾರೆ ನೋಡ್ಬೇಕು ಅನ್ನುದು ಅವರ ಕ್ರಮ. ನಮ್ಮ ಅಜ್ಜಂದಿರು ಬೆಳಿಗ್ಗೆ ಎದ್ದು ತೋಟಕ್ಕೆ ಒಂದು ಸುತ್ತು ಬರ್ತಿದ್ದದ್ದು ಕೂಡ ಅದೇ, ಮನೆಯಲ್ಲಿ ಕೂತವನಿಗೆ ಯಾವ ಮರದ ಬುಡದಲ್ಲಿ ನೀರು ನಿಂತಿದೆ ಅಂತ ಹೇಗೆ ಗೊತ್ತಾಗುದು?

ಇಲ್ಲಿ ಎಲ್ಲರೂ ಮಾಡುವ ತಪ್ಪು, ಸುತ್ತು ಬರುವಾಗಲೇ ದೂರು ಶುರು ಮಾಡುದು. ಇದು ಯಾಕೆ ಇಲ್ಲಿ, ಅದು ಯಾಕೆ ಹಾಗೆ, ನಿನ್ನೆಯದ್ದು ಯಾಕೆ ಮುಗಿಲಿಲ್ಲ. ನಾಲ್ಕು ದಿನ ಹಾಗೆ ಮಾಡಿದ್ರೆ ಐದನೇ ದಿನ ನಿಮ್ಮ ಬೈಕಿನ ಶಬ್ದ ಕೇಳಿದ ಕೂಡ್ಲೆ ಎಲ್ಲರ ಮೋರೆ ಬಿಗಿ ಆಗ್ತದೆ. ಕಣ್ಣಿಗೆ ಬಿದ್ದದ್ದನ್ನು ಪುಸ್ತಕದಲ್ಲಿ ಬರ್ಕೊಳ್ಳಿ, ಹತ್ತು ಗಂಟೆ ಚಾದ ಮೇಲೆ ಹೇಳಿದ್ರೆ ಆಕಾಶ ಬೀಳುದಿಲ್ಲ. ಅಪಾಯದ್ದು, ಅಂದ್ರೆ ಕರೆಂಟ್ ವೈರ್ ಬಿಟ್ಟದ್ದು, ಏಣಿ ಅಲ್ಲಾಡುದು, ಅಂಥದ್ದನ್ನು ಮಾತ್ರ ಆಗಲೇ ಹೇಳ್ಬೇಕು.

2. ಒಬ್ಬರಿಗೊಂದು ಪುಟ

ನೋಟ್ ಪುಸ್ತಕದಲ್ಲಿ ಪ್ರತಿಯೊಬ್ಬರಿಗೂ ನಾಲ್ಕೈದು ಪುಟ ಬಿಡಿ. ಅದರಲ್ಲಿ ನಾಲ್ಕು ವಿಷಯ ಸಾಕು: ಈಗ ಯಾವ ಯಾವ ಕೆಲಸ ಒಬ್ಬರೇ ಮಾಡ್ತಾರೆ, ಯಾವುದು ಕಲೀತಾ ಇದ್ದಾರೆ, ನೀವು ಅವರಿಗೆ ಎಂತ ಮಾತು ಕೊಟ್ಟಿದ್ದೀರಿ, ಕಡೆಗೆ ಕೂತು ಮಾತಾಡಿದ್ದು ಯಾವತ್ತು.

ಮೂರನೇದೇ ಮುಖ್ಯ. ನೋಡುವ, ಮಾಡುವ, ಬಿಸು ಹಬ್ಬ ಕಳಿಲಿ, ಅಂತೆಲ್ಲ ನಾವು ಬಾಯಲ್ಲಿ ಹೇಳಿ ಬಿಡ್ತೇವೆ, ನಮಗೆ ಮರೆತು ಹೋಗ್ತದೆ, ಕೇಳಿಸಿಕೊಂಡವರಿಗೆ ಮರೆಯುದಿಲ್ಲ. ಒಬ್ಬರಿಗೆ ಎರಡು ವರ್ಷದ ಹಿಂದೆ ಓಣಂ ಮುಗಿದ ಮೇಲೆ 50 ರೂಪಾಯಿ ಕೂಲಿ ಜಾಸ್ತಿ ಮಾಡುವ ಅಂದಿದ್ದೆ, ಅವರು ಕೇಳ್ಲಿಲ್ಲ, ನಾನು ಕೊಡ್ಲಿಲ್ಲ, ಅವರು ಬಿಟ್ಟು ಹೋಗುವ ದಿನ ಗೇಟಿನ ಹತ್ರ ನಿಂತು ಅದನ್ನು ಹೇಳಿದ್ರು. ಆಮೇಲೆ ಶುರು ಮಾಡಿದ್ದು ಈ ಪುಸ್ತಕ.

ಎಚ್ಚರಿಕೆ: ಇದು ಪೊಲೀಸ್ ಡೈರಿ ಅಲ್ಲ. ಯಾರ ಮನೆಯಲ್ಲಿ ಜಗಳ, ಯಾರು ಯಾರೊಟ್ಟಿಗೆ ಮಾತಾಡ್ತಾರೆ, ಯಾರ ಸಾಲ ಎಷ್ಟು, ಇಂಥದ್ದೆಲ್ಲ ಅದರಲ್ಲಿ ಬರ್ಯುದು ಬೇಡ. ಕೆಲಸದವರ ಕೈಗೆ ಸಿಕ್ಕಿದ್ರೂ ನಾಚಿಕೆ ಆಗದ ಹಾಗೆ ಬರ್ದಿರ್ಬೇಕು.

3. ಕಲಿಸುದು, ಇದಕ್ಕೆ ಸ್ವಲ್ಪ ಟೈಮ್ ಕೊಡಿ

ನನ್ನ ಪ್ರಕಾರ ಇದೊಂದು ಸರಿ ಆದ್ರೆ ಬಾಕಿ ಅರ್ಧ ತನ್ನಷ್ಟಕ್ಕೆ ಸರಿ ಆಗ್ತದೆ, ಹಾಗಾಗಿ ಉದ್ದ ಬರೀತೇನೆ.

ನಮ್ಮಲ್ಲಿ ಕಲಿಸುದು ಅಂದ್ರೆ "ಅವರ ಒಟ್ಟಿಗೆ ಕೂತ್ಕೊ, ನೋಡಿ ಕಲಿ". ಅವರು ಅಂದ್ರೆ ಶೆಡ್ಡಲ್ಲಿ ಹತ್ತು ವರ್ಷ ಆದವರು, ಅವರ ಕೈ ಓಡುದು ಮಿಂಚಿನ ಹಾಗೆ, ಹೊಸಬರಿಗೆ ಎಂತ ನಡೀತಾ ಉಂಟು ಅಂತ ಕಾಣುದೇ ಇಲ್ಲ. ಎರಡು ದಿನ ಬಿಟ್ಟು ನಾವು ಬಂದು, ಇಷ್ಟೂ ಗೊತ್ತಾಗ್ಲಿಲ್ವಾ ಅಂತ ಬೊಬ್ಬೆ ಹಾಕುದು.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಇದೇ ಸಮಸ್ಯೆ ದೊಡ್ಡ ಮಟ್ಟದಲ್ಲಿ ಬಂದಿತ್ತು. ಕೆಲಸ ಗೊತ್ತಿದ್ದವರೆಲ್ಲ ಸೈನ್ಯಕ್ಕೆ ಹೋದ್ರು, ಫ್ಯಾಕ್ಟರಿ ತುಂಬ ಏನೂ ಗೊತ್ತಿಲ್ಲದವರು, ಅವರನ್ನು ಬೇಗ ತಯಾರು ಮಾಡ್ಬೇಕು. ಆಗ ಸರಕಾರ 1940ರಿಂದ 1945ರ ವರೆಗೆ ಟ್ರೈನಿಂಗ್ ವಿದಿನ್ ಇಂಡಸ್ಟ್ರಿ ಅಂತ ಒಂದು ಕಾರ್ಯಕ್ರಮ ನಡೆಸಿತು. ಕಲಿಯುವವನಿಗೆ ಬರ್ಲಿಲ್ಲ ಅಂದ್ರೆ ಕಲಿಸಿದವ ಕಲಿಸ್ಲಿಲ್ಲ ಅಂತಲೇ ಲೆಕ್ಕ, ಇದು ಅವರ ಘೋಷಣೆ. ಯುದ್ಧ ಮುಗಿದ ಮೇಲೆ ಅದು ಜಪಾನಿಗೆ ಹೋಯ್ತು, ಟೊಯೋಟಾದಂಥ ಕಂಪೆನಿಯವರು ಅದನ್ನು ಬಿಡದೆ ಹಿಡ್ಕೊಂಡ್ರು. ಅದರಲ್ಲಿ ಕಲಿಸುದಕ್ಕೆ ನಾಲ್ಕೇ ಮೆಟ್ಟಿಲು, ಶೆಡ್ಡಲ್ಲಿ ನಾವು ಮಾಡುವ ಹಾಗೆ ಹೇಳ್ತೇನೆ, ನಿಮ್ಮ ಕೆಲಸಕ್ಕೆ ಬೇಕಾದ ಹಾಗೆ ಬದಲು ಮಾಡ್ಕೊಳ್ಳಿ.

ಒಂದು, ಕೂರಿಸುದು. ಹೊಸಬರನ್ನು ನಿಮ್ಮ ಎದುರು ಕೂರಿಸ್ಬೇಡಿ, ಪಕ್ಕದಲ್ಲಿ ಕೂರಿಸಿ, ಎದುರು ಕೂತ್ರೆ ನಿಮ್ಮ ಬಲಗೈ ಅವರಿಗೆ ಎಡಗೈ ಆಗಿ ಕಾಣ್ತದೆ. ಮೊದಲೇ ಎಷ್ಟು ಗೊತ್ತುಂಟು ಅಂತ ಕೇಳಿ. ನಮ್ಮೂರಲ್ಲಿ ಅಡಿಕೆ ತೋಟದ ಮನೆಯಿಂದ ಬಂದವರಿಗೆ ಅರ್ಧ ಗೊತ್ತೇ ಇರ್ತದೆ, ಅವರಿಗೆ ಚಾಲಿ ಅಂದ್ರೆ ಎಂತ ಅಂತ ಹೇಳಿ ಕೊಡ್ಲಿಕ್ಕೆ ಹೋದ್ರೆ ಮನಸ್ಸಲ್ಲೇ ನಗಾಡ್ತಾರೆ.

ಎರಡು, ತೋರಿಸುದು. ನಾಲ್ಕು ಗೆರಟೆ ಇಟ್ಟಿದ್ದೇನೆ, ತೆಂಗಿನಕಾಯಿ ಗೆರಟೆ. ಒಂದರಲ್ಲಿ ಒಳ್ಳೆ ಚಾಲಿ, ಒಂದರಲ್ಲಿ ಪಟೋರ, ಒಂದರಲ್ಲಿ ಉಳ್ಳಿಗಡ್ಡೆ, ಒಂದರಲ್ಲಿ ಕರಿಗೋಟು, ಒಂದೊಂದರಲ್ಲಿ ಹತ್ತು ಹತ್ತು. ಇದೆಲ್ಲ ಅಡಿಕೆಯ ಬೇರೆ ಬೇರೆ ದರ್ಜೆಯ ಹೆಸರು, ಚಾಲಿ ಒಳ್ಳೇದು, ಕರಿಗೋಟು ಕಳಪೆ. ಬಾಯಲ್ಲಿ ಹೇಳುವ ಮೊದಲು ಅದನ್ನು ಕೈಯಲ್ಲಿ ಹಿಡಿದು ನೋಡ್ಲಿಕ್ಕೆ ಬಿಡ್ತೇನೆ. ಆಮೇಲೆ ಎರಡು ಅಡಿಕೆ ಒಂದಕ್ಕೊಂದು ತಟ್ಟಿ ಶಬ್ದ ಕೇಳಿಸುದು, ಸರಿ ಒಣಗಿದ್ದು ಟಣ್ ಅಂತದೆ, ಹಸಿ ಉಳಿದದ್ದಕ್ಕೆ ಆ ಶಬ್ದ ಇಲ್ಲ. ಒಂದನ್ನು ಅಡಕತ್ತರಿಯಲ್ಲಿ ಕತ್ತರಿಸಿ ಒಳಗೆ ತೋರಿಸುದು. ಒಂದು ಸಲಕ್ಕೆ ಒಂದೇ ವಿಷಯ ಹೇಳ್ಬೇಕು, ಅದರ ಒಟ್ಟಿಗೆ ಯಾಕೆ ಅಂತಲೂ ಹೇಳ್ಬೇಕು: ಒಳ್ಳೆ ರಾಶಿಗೆ ಹತ್ತು ಕರಿಗೋಟು ಸೇರಿದ್ರೆ ಪಾರ್ಟಿಯವನು, ಅಂದ್ರೆ ಮಾಲು ತೆಗೆಯುವವನು, ಗೋಣಿಗೆ ಕೈ ಹಾಕಿದಾಗ ಬರುದು ಆ ಹತ್ತೇ, ರೇಟ್ ಇಡೀ ಲೋಡಿಗೆ ಬೀಳ್ತದೆ ಅಂತ. ಯಾಕೆ ಅಂತ ಗೊತ್ತಾದವರಿಗೆ ಕಾವಲು ಬೇಡ.

ಮೂರು, ಮಾಡಿಸುದು. ಈಗ ಅವರು ಮಾಡ್ಲಿ, ನೀವು ಬಾಯಿ ಮುಚ್ಚಿ ಕೂರಿ, ಇದು ಎಷ್ಟು ಕಷ್ಟ ಅಂತ ಮಾಡಿ ನೋಡಿದವರಿಗೇ ಗೊತ್ತು. ಎರಡನೇ ಸಲ ಮಾಡುವಾಗ ಎಂತ ಮಾಡ್ತಿದ್ದೇನೆ, ಯಾಕೆ ಮಾಡ್ತಿದ್ದೇನೆ ಅಂತ ಅವರ ಬಾಯಲ್ಲೇ ಹೇಳಿಸಿ. ಗೊತ್ತಾಯ್ತಾ ಅಂತ ಮಾತ್ರ ಕೇಳ್ಬೇಡಿ, ಗೊತ್ತಾಯ್ತಾ ಅಂದ್ರೆ ನಮ್ಮೂರಲ್ಲಿ ಎಲ್ಲರೂ ಹ್ಞಾಂ ಅಂತಾರೆ, ಗೊತ್ತಾಗದವರು ಸ್ವಲ್ಪ ಜೋರಾಗಿಯೇ ಅಂತಾರೆ.

ನಾಲ್ಕು, ಬಿಟ್ಟು ನೋಡುದು. ಒಂದು ಗೆರಸೆಯಷ್ಟು ಅಡಿಕೆ ಅವರಿಗೇ ಕೊಟ್ಟು, ಸಂಶಯ ಬಂದ್ರೆ ಯಾರ ಹತ್ರ ಕೇಳ್ಬೇಕು ಅಂತ ಒಬ್ಬರ ಹೆಸರು ಹೇಳಿ ಹೋಗಿ. ಮೊದಲನೇ ದಿನ ಗಂಟೆಗೊಮ್ಮೆ ಬಂದು ನೋಡಿ, ಮತ್ತೆ ದಿನಕ್ಕೆ ಎರಡು ಸಲ, ಮತ್ತೆ ವಾರಕ್ಕೊಮ್ಮೆ. ಹೆಚ್ಚಿನವರು ತಪ್ಪುದು ಇಲ್ಲಿ, ಒಂದೋ ಬಿಟ್ಟೇ ಬಿಡ್ತಾರೆ, ಇಲ್ಲದಿದ್ರೆ ಬೆನ್ನು ಬಿಡುದೇ ಇಲ್ಲ.

ಹೀಗೆ ಕಲಿಸಿದ್ರೆ ಮೊದಲನೇ ವಾರ ಕೆಲಸ ನಿಧಾನ ಆಗ್ತದೆ, ಅದನ್ನು ಒಪ್ಕೊಳ್ಳಿ. ಸೀಸನಿನ ನಡುವೆ, ಲಾರಿ ಬಾಗಿಲಲ್ಲಿ ನಿಂತಿರುವಾಗ ಕಲಿಸ್ಲಿಕ್ಕೆ ಹೋಗ್ಬೇಡಿ. ಮಳೆಗಾಲದಲ್ಲಿ ಕೆಲಸ ಸಡಿಲ ಇರುವಾಗ ಕಲಿಸಿ.

4. ಯಾವ ಭಾಷೆಯಲ್ಲಿ?

ಇದು ಬೇರೆ ಊರಿನ ಲೇಖನಗಳಲ್ಲಿ ಸಿಗುದಿಲ್ಲ, ನಮ್ಮ ಕಾಸರಗೋಡಿಗೆ ಮಾತ್ರ ಬೇಕಾದ್ದು. ನನ್ನ ಶೆಡ್ಡಲ್ಲಿ ತುಳು, ಮಲಯಾಳಂ, ಕನ್ನಡ, ಬ್ಯಾರಿ, ಕೊಂಕಣಿ, ಮರಾಟಿ ಎಲ್ಲ ಉಂಟು, ಈಗ ಲೋಡ್ ಹತ್ತಿಸ್ಲಿಕ್ಕೆ ಬಂದ ಅಸ್ಸಾಮಿನ ಇಬ್ಬರಿಂದಾಗಿ ಹಿಂದಿಯೂ ಬಂತು. ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳ್ಲಿಕ್ಕೆ ಚಂದ, ಕೆಲಸ ಮಾಡಿಸುವಾಗ ಅದು ಒಂದು ತಲೆಬಿಸಿಯೂ ಹೌದು.

ನಾನು ಕಂಡುಕೊಂಡದ್ದು ಇಷ್ಟು: ಕಲಿಸುದು ಮತ್ತು ತಪ್ಪು ತಿದ್ದುದು ಅವರ ಮನೆಮಾತಲ್ಲಿ ಆಗ್ಬೇಕು. ನಿಮಗೆ ಆ ಭಾಷೆ ಬರದಿದ್ರೆ ಬರುವ ಒಬ್ಬರನ್ನು ನಡುವೆ ಕೂರಿಸಿ. ಎಲ್ಲರೂ ಸೇರಿದ ಕಡೆ ಎಲ್ಲರಿಗೂ ಅರ್ಥ ಆಗುವ ಭಾಷೆ, ನಮ್ಮಲ್ಲಿ ಅದು ತುಳು. ನೀವು ಇಬ್ಬರೊಟ್ಟಿಗೆ ಮೂರನೆಯವರಿಗೆ ಗೊತ್ತಿಲ್ಲದ ಭಾಷೆಯಲ್ಲಿ ಮೆಲ್ಲ ಮಾತಾಡಿ ನಗಾಡಿದ್ರೆ ಆ ಮೂರನೆಯವರು ತನ್ನನ್ನೇ ಹೇಳಿದ್ದು ಅಂತ ತಿಳ್ಕೊಳ್ತಾರೆ, ನೂರಕ್ಕೆ ನೂರು. ನಾನಾದ್ರೂ ಹಾಗೇ ತಿಳ್ಕೊಳ್ತಿದ್ದೆ.

ಬರಹದ ವಿಷಯ ಬೇರೆಯೇ. 1956 ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದ್ದು, ಈಗ ಆಫೀಸಿನ ಕಾಗದ ಹೆಚ್ಚಾಗಿ ಮಲಯಾಳಂನಲ್ಲಿ ಬರ್ತದೆ, ಕನ್ನಡ ಮೀಡಿಯಂನಲ್ಲಿ ಕಲಿತ ನಮ್ಮ ಅಕ್ಕಂದಿರು ಓದ್ಲಿಕ್ಕಾಗದೆ ಹೇಳಿದಲ್ಲಿ ಸೈನ್ ಹಾಕ್ತಾರೆ. ನೀವು ಲೀಡರ್ ಆದ್ರೆ ಅದನ್ನು ಓದಿ ಹೇಳುದು ನಿಮ್ಮ ಕೆಲಸ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಆಫೀಸುಗಳಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ ಉಂಟು, ಕೆಲಸದವರ ಅರ್ಜಿ ಏನಾದ್ರೂ ಇದ್ರೆ ಧೈರ್ಯದಲ್ಲಿ ಕನ್ನಡದಲ್ಲೇ ಬರೆಸಿ.

5. ತಪ್ಪಾದಾಗ ಹೇಳುದು ಹೇಗೆ

ಆಟ, ಅಂದ್ರೆ ಯಕ್ಷಗಾನ, ನೋಡುವವರಿಗೆ ಇದನ್ನು ಸುಲಭದಲ್ಲಿ ಹೇಳ್ಬಹುದು. ರಂಗಸ್ಥಳದಲ್ಲಿ ಹೊಸ ಹುಡುಗ ಅರ್ಥ ಹೇಳುವಾಗ ತಡವರಿಸಿದ ಅಂತ ಇಟ್ಕೊಳ್ಳಿ, ಭಾಗವತರು ಅಲ್ಲೇ ಬೈತಾರಾ? ಇಲ್ಲ. ಮೆಲ್ಲ ಮುಂದಿನ ಪದ ಎತ್ತಿ ಬಿಡ್ತಾರೆ, ಚೆಂಡೆ ಮದ್ದಳೆ ಸೇರ್ತದೆ, ಸಭೆಗೆ ಗೊತ್ತೇ ಆಗುದಿಲ್ಲ. ಹೇಳ್ಲಿಕ್ಕೆ ಇದ್ದದ್ದು ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣ ತೆಗೆದ ಮೇಲೆ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು, ಇಷ್ಟಾದ್ರೂ ಆಟದಿಂದ ಕಲೀಬೇಡ್ವಾ?

ಹಾಗಾಗಿ ತಪ್ಪು ಹೇಳುದು ಒಬ್ಬರನ್ನೇ ಕರೆದು, ಅದೇ ದಿನ, ಗಿರಾಕಿ ಎದುರು ಯಾವತ್ತೂ ಅಲ್ಲ. ಮೂರು ತುಂಡಲ್ಲಿ ಹೇಳಿ: ಎಂತ ಆಯ್ತು, ಅದರಿಂದ ಎಂತ ತೊಂದರೆ ಆಯ್ತು, ನಾಳೆಯಿಂದ ಹೇಗೆ. "ನಿನಗೆ ಜವಾಬ್ದಾರಿಯೇ ಇಲ್ಲ" ಅಂದ್ರೆ ಅದು ಫೀಡ್‌ಬ್ಯಾಕ್ ಅಲ್ಲ, ಬೈಗಳು. "ನಿನ್ನೆ ಮೂರು ಗೋಣಿಗೆ ಚೀಟಿ ಹಾಕ್ಲಿಲ್ಲ, ಲೋಡ್ ಮಾಡುವವರು ಅರ್ಧ ಗಂಟೆ ಹುಡುಕಿದ್ರು, ಇನ್ನು ಬಾಯಿ ಹೊಲಿಯುವ ಮೊದಲೇ ಚೀಟಿ ಹಾಕುವ ಆಯ್ತಾ" ಅಂದ್ರೆ ಅವರಿಗೆ ಎಂತ ಮಾಡ್ಬೇಕು ಅಂತ ಗೊತ್ತಾಯ್ತು, ಮರ್ಯಾದೆಯೂ ಉಳೀತು.

ಹೊಗಳುದನ್ನೂ ಅಷ್ಟೇ ಸರಿಯಾಗಿ ಹೇಳ್ಬೇಕು. ಗುಡ್, ಸೂಪರ್, ಅಡ್ಡಿಲ್ಲ, ಇದೆಲ್ಲ ಗಾಳಿಗೆ ಹೋಗ್ತದೆ. ಯಾವ ಕೆಲಸ, ಯಾಕೆ ಚಂದ ಆಯ್ತು ಅಂತ ಹೇಳಿ, ಇದನ್ನು ಬೇಕಾದ್ರೆ ಎಲ್ಲರೆದುರೇ ಹೇಳ್ಬಹುದು. ಒಬ್ಬರನ್ನೇ ದಿನಾ ಹೊಗಳಿದ್ರೆ ಮಾತ್ರ ಅವರಿಗೇ ಕಷ್ಟ, ಉಳಿದವರು ಊಟಕ್ಕೆ ಕೂರುವಾಗ ಜಾಗ ಕೊಡುದಿಲ್ಲ. ಕೆಲವರು ಹೊಗಳಿಕೆ, ಬೈಗಳು, ಪುನಃ ಹೊಗಳಿಕೆ ಅಂತ ಸ್ಯಾಂಡ್‌ವಿಚ್ ಮಾಡಿ ಹೇಳ್ಲಿಕ್ಕೆ ಹೇಳಿ ಕೊಡ್ತಾರೆ, ನನಗೆ ಅದು ಸರಿ ಕಾಣುದಿಲ್ಲ, ನಾಲ್ಕು ದಿನದಲ್ಲಿ ಜನ ನಿಮ್ಮ ಹೊಗಳಿಕೆ ಕೇಳಿದ ಕೂಡ್ಲೆ ಮುಂದಿನ ಪೆಟ್ಟಿಗೆ ಬೆನ್ನು ಕೊಟ್ಟು ನಿಲ್ತಾರೆ.

ಇನ್ನೊಂದು ಮಾತು ಇಲ್ಲೇ ಹೇಳ್ಬೇಕು. ಹಾರ್ವರ್ಡ್‌ನ ಪ್ರೊಫೆಸರ್ ಏಮಿ ಎಡ್ಮಂಡ್ಸನ್ ಅವರು 1990ರ ದಶಕದಲ್ಲಿ ಆಸ್ಪತ್ರೆಯ ನರ್ಸ್ ಟೀಮುಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪಿನ ಲೆಕ್ಕ ನೋಡಿದ್ರು. ಒಳ್ಳೆ ಟೀಮಿನಲ್ಲಿ ತಪ್ಪು ಕಮ್ಮಿ ಇರ್ಬೇಕಲ್ಲ, ಲೆಕ್ಕದಲ್ಲಿ ಜಾಸ್ತಿ ಕಾಣಿಸ್ತು. ಆಮೇಲೆ ಗೊತ್ತಾದದ್ದು, ಒಳ್ಳೆ ಟೀಮಿನವರು ತಪ್ಪನ್ನು ಹೆದರದೆ ಬಾಯಿಬಿಟ್ಟು ಹೇಳ್ತಾರೆ, ಉಳಿದ ಕಡೆ ಮುಚ್ಚಿಡ್ತಾರೆ ಅಂತ. ಇದಕ್ಕೆ ಸೈಕಲಾಜಿಕಲ್ ಸೇಫ್ಟಿ ಅಂತ ಹೆಸರು, ನಮ್ಮ ಮಾತಲ್ಲಿ ಹೇಳುದಾದ್ರೆ ಬಾಯಿ ಬಿಡ್ಲಿಕ್ಕೆ ಹೆದರಿಕೆ ಇಲ್ಲದ್ದು. ಒಬ್ಬ ಬಂದು "ಅಣ್ಣ, ತೂಕ ಬರೆಯುವಾಗ ಒಂದು ಗೋಣಿ ಬಿಟ್ಟು ಹೋಯ್ತು" ಅಂತ ತಾನಾಗಿ ಹೇಳಿದ್ರೆ ಮೊದಲು ಹೇಳಿದ್ದು ಒಳ್ಳೇದಾಯ್ತು ಅನ್ನಿ, ಲೆಕ್ಕ ಸರಿ ಮಾಡುದು ಎರಡನೇದು. ಆಗ ಬೈದ್ರೆ ಮುಂದಿನ ಗೋಣಿಯ ವಿಷಯ ನಿಮಗೆ ಗೊತ್ತಾಗುದು ಪಾರ್ಟಿಯ ಫೋನು ಬಂದಾಗ.

6. ಕೆಲಸ ಬಿಟ್ಟು ಕೊಡುದು

ನಮ್ಮ ಕಡೆಯ ಯಕ್ಷಗಾನದ, ಅಂದ್ರೆ ತೆಂಕುತಿಟ್ಟಿನ, ಮೇಳಕ್ಕೆ ಸೇರಿದ ಹುಡುಗ ಮೊದಲನೇ ದಿನವೇ ಕಿರೀಟ ಇಡುದಿಲ್ಲ. ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ಅಂತ ಕುಣೀತಾನೆ, ಕಾಲು ತಾಳಕ್ಕೆ ಬಂದ ಮೇಲೆ ಸಣ್ಣ ಪುಟ್ಟ ವೇಷ, ಮತ್ತೆ ಪುಂಡುವೇಷ, ಹೀಗೆ ಮೇಲೆ ಮೇಲೆ. ಡೆಲಿಗೇಶನ್ ಕೂಡ ಮೆಟ್ಟಿಲು ಮೆಟ್ಟಿಲಾಗಿ ಕೊಡ್ಬೇಕಾದ್ದು. ನಾನು ನಾಲ್ಕು ಮೆಟ್ಟಿಲು ಮಾಡಿದ್ದೇನೆ, ಯಾವ ಕೆಲಸಕ್ಕೆ ಯಾರು ಎಷ್ಟನೇ ಮೆಟ್ಟಿಲಲ್ಲಿ ಇದ್ದಾರೆ ಅಂತ ಅವರ ಪುಟದಲ್ಲಿ ಬರ್ದಿರ್ತದೆ:

ಒಂದನೇದು, ನೋಡಿ ಬಂದು ಹೇಳು, ನಾನು ತೀರ್ಮಾನ ಮಾಡ್ತೇನೆ. ಎರಡನೇದು, ಎಂತ ಮಾಡ್ಬಹುದು ಅಂತ ನೀನೇ ಹೇಳು, ನಾನು ಸರಿ ಅಂದ ಮೇಲೆ ಮಾಡು. ಮೂರನೇದು, ಮಾಡು, ಮಾಡಿ ಆದ ಮೇಲೆ ತಿಳಿಸು. ನಾಲ್ಕನೇದು, ಮಾಡು, ನನಗೆ ಹೇಳ್ಬೇಕಾಗಿಲ್ಲ.

ಹಣದ ಮಿತಿಯನ್ನೂ ಬಾಯಿಬಿಟ್ಟು ಹೇಳಿ. ನನ್ನಲ್ಲಿ ಶೆಡ್ ನೋಡ್ಕೊಳ್ಳುವ ಅಕ್ಕನಿಗೆ 500 ರೂಪಾಯಿ ವರೆಗೆ ಕೇಳುದು ಬೇಡ ಅಂತ ಉಂಟು, ಹಗ್ಗ, ದಬ್ಬಳ, ಬಲ್ಬು, ಆಟೋ ಬಾಡಿಗೆ ಎಲ್ಲ ಅದರಲ್ಲಿ ಮುಗೀತದೆ. ಅದಕ್ಕಿಂತ ಮೊದಲು ದಬ್ಬಳ ಮುರಿದ್ರೂ ನನಗೆ ಫೋನು.

ದೊಡ್ಡ ಗುಂಡಿ ಯಾವುದು ಗೊತ್ತುಂಟಾ, ಕೊಟ್ಟ ಕೆಲಸವನ್ನು ಕೈಯಿಂದ ವಾಪಸ್ ಕಿತ್ಕೊಳ್ಳುದು. ಅವರು ಮಾಡಿದ್ದು ನಿಮ್ಮಷ್ಟು ಚಂದ ಇಲ್ಲ, ನಿಧಾನ, ಬಿಡು ನಾನೇ ಮಾಡ್ತೇನೆ, ಅಂತ. ಒಮ್ಮೆ ಹಾಗೆ ಮಾಡಿದ್ರೆ ಆ ಮನುಷ್ಯ ಇನ್ನು ಯಾವ ಕೆಲಸವನ್ನೂ ಪೂರ್ತಿ ಮನಸ್ಸಿಟ್ಟು ಮಾಡುದಿಲ್ಲ, ಹೇಗೂ ಇವರು ಬಂದು ಎಳ್ಕೊಳ್ತಾರಲ್ಲ. ನಿಮ್ಮ ಹತ್ತರಲ್ಲಿ ಏಳು ಪಾಲು ಚಂದ ಬಂದ್ರೆ ಸಾಕು ಅಂತ ಇಟ್ಕೊಳ್ಳಿ, ಉಳಿದ ಮೂರು ಬರ್ತದೆ. ಇನ್ನೊಂದು ಗುಂಡಿ, ಕಸ ಗುಡಿಸುದು, ಬ್ಯಾಂಕಿಗೆ ಹೋಗುದು ಇಂಥ ಬೇಡದ ಕೆಲಸ ಮಾತ್ರ ಬಿಟ್ಟು ಕೊಟ್ಟು ಪಾರ್ಟಿಯೊಟ್ಟಿಗೆ ಮಾತು, ರೇಟು, ಮರ್ಯಾದೆಯ ಕೆಲಸ ಎಲ್ಲ ನಾವೇ ಇಟ್ಕೊಳ್ಳುದು.

ಕುಟುಂಬಶ್ರೀ ಅಕ್ಕಂದಿರಿಗೆ ಒಂದು ಮಾತು. ಒಂದು ಅಯಲ್‌ಕೂಟದಲ್ಲಿ, ಅಂದ್ರೆ ನೆರೆಕರೆಯ ಗುಂಪಿನಲ್ಲಿ, 10ರಿಂದ 20 ಜನ, ಅದರಲ್ಲಿ ಅಧ್ಯಕ್ಷೆ, ಸೆಕ್ರೆಟರಿ ಮತ್ತು ಆದಾಯ, ಆರೋಗ್ಯ, ಮೂಲಸೌಕರ್ಯಕ್ಕೆ ಒಬ್ಬೊಬ್ಬರು ಅಂತ ಐದು ಜನರಿಗೆ ಜವಾಬ್ದಾರಿ ಹಂಚ್ಲಿಕ್ಕೆ ಉಂಟು. 1998ರಲ್ಲಿ ಶುರು ಆದ ಯೋಜನೆಯಲ್ಲೇ ಇಷ್ಟು ಚಂದ ಹಂಚಿ ಇಟ್ಟಿದ್ದಾರೆ, ಆದ್ರೆ ಎಷ್ಟೋ ಕಡೆ ಪುಸ್ತಕ ಬರ್ಯುದು, ಬ್ಯಾಂಕಿಗೆ ಓಡುದು, ಸಿಡಿಎಸ್ ಮೀಟಿಂಗಿಗೆ ಹೋಗುದು ಎಲ್ಲ ಒಬ್ಬರೇ. ಸಿಡಿಎಸ್ ಅಂದ್ರೆ ಪಂಚಾಯತ್ ಮಟ್ಟದ ಒಕ್ಕೂಟ. ನಿಮ್ಮ ಅವಧಿ ಮುಗಿಯುವ ಆರು ತಿಂಗಳು ಮೊದಲೇ ಒಬ್ಬರನ್ನು ಪಕ್ಕದಲ್ಲಿ ಕೂರಿಸಿ ಮಿನಿಟ್ಸ್ ಬರೆಸ್ಲಿಕ್ಕೆ ಶುರು ಮಾಡಿ, ಮಿನಿಟ್ಸ್ ಅಂದ್ರೆ ಸಭೆಯಲ್ಲಿ ಎಂತ ತೀರ್ಮಾನ ಆಯ್ತು ಅನ್ನುವ ಬರಹ.

7. ತಿಂಗಳಿಗೊಮ್ಮೆ 20 ನಿಮಿಷ

ಒನ್ ಟು ಒನ್ ಅಂದ್ರೆ ಇದು. ಕ್ಯಾಬಿನ್ ಬೇಡ, ಹೊರಗೆ ಹಲಸಿನ ಮರದಡಿ ಎರಡು ಕುರ್ಚಿ ಹಾಕಿ ಕೂತ್ರೂ ಆಗ್ತದೆ. ಹೆಣ್ಣುಮಕ್ಕಳೊಟ್ಟಿಗೆ ಮಾತಾಡುದಾದ್ರೆ ಎಲ್ಲರಿಗೂ ಕಾಣುವ ಜಾಗದಲ್ಲೇ ಕೂರಿ, ಕೇಳಿಸದಷ್ಟು ದೂರ ಸಾಕು.

ಪ್ರಶ್ನೆ ಮೂರೇ: ಕೆಲಸದಲ್ಲಿ ಈಗ ಪಿರಿಪಿರಿ ಆಗುದು ಎಂತ? ಹೊಸತು ಎಂತ ಕಲೀಬೇಕು ಅಂತ ಉಂಟು? ನಾನು ಮಾಡುದರಲ್ಲಿ ಎಂತ ಬದಲಾಗ್ಬೇಕು? ಮೂರನೇದಕ್ಕೆ ಮೊದಲ ಎರಡು ತಿಂಗಳು ಎಂತದ್ದೂ ಇಲ್ಲ ಅಂತ ಹೇಳ್ತಾರೆ. ಬಿಡ್ಬೇಡಿ, ಕೇಳ್ತಾ ಇರಿ. ನನಗೆ ಮೂರನೇ ತಿಂಗಳಲ್ಲಿ ಒಬ್ಬರು ಹೇಳಿದ್ರು, ನೀವು ಫೋನಲ್ಲಿ ಯಾರಿಗೋ ಬೈದು ಅದೇ ಸ್ವರದಲ್ಲಿ ನಮ್ಮತ್ರ ಮಾತಾಡ್ತೀರಿ ಅಂತ. ಗೊತ್ತೇ ಇರ್ಲಿಲ್ಲ ನನಗೆ.

ಹೇಳಿದ್ದರಲ್ಲಿ ಸಣ್ಣದು ಒಂದಾದ್ರೂ ಅದೇ ವಾರದಲ್ಲಿ ಮಾಡಿ ತೋರಿಸಿ, ಫ್ಯಾನ್ ತಿರುಗಿಸಿ ಇಡುದೇ ಆಗ್ಲಿ. ಮಾಡ್ಲಿಕ್ಕಾಗದ್ದಕ್ಕೆ ಆಗುದಿಲ್ಲ, ಯಾಕೆ ಆಗುದಿಲ್ಲ ಅಂತ ನೇರ ಹೇಳಿ.

ಹುಡುಗರು ಹೆಚ್ಚಾಗಿ ಗಲ್ಫಿನ ಮಾತು ತೆಗೀತಾರೆ, ಇಲ್ಲದಿದ್ರೆ ಮಂಗಳೂರು. ಕೋಪ ಮಾಡ್ಬೇಡಿ. ಹೋಗುದು ಯಾವಾಗ, ಅಷ್ಟರಲ್ಲಿ ಇಲ್ಲಿಂದ ಎಂತ ಕಲ್ತು ಹೋಗ್ತೀ ಅಂತ ಕೇಳಿ, ಅವನ ಕೆಲಸವನ್ನು ಇನ್ನೊಬ್ಬನಿಗೆ ಕಲಿಸುವ ಜವಾಬ್ದಾರಿ ಅವನಿಗೇ ಕೊಡಿ. ಹೋಗುವ ಸುದ್ದಿ ಎರಡು ತಿಂಗಳು ಮೊದಲು ಸಿಗುದು ಒಳ್ಳೇದಾ, ಪಾಸ್‌ಪೋರ್ಟ್ ಕೈಗೆ ಬಂದ ದಿನ ಸಿಗುದು ಒಳ್ಳೇದಾ? ಚಂದದಲ್ಲಿ ಕಳಿಸಿದವರು ಊರಿಗೆ ಬಂದಾಗ ಶೆಡ್ಡಿಗೂ ಬರ್ತಾರೆ, ಅವರೇ ತಮ್ಮನನ್ನೋ ನೆರೆಮನೆಯವನನ್ನೋ ಕೆಲಸಕ್ಕೆ ತಂದು ಬಿಡುದೂ ಉಂಟು.

8. ಸಂಬಳ, ರಜೆ, ಕೂರುವ ಜಾಗ

ಇಷ್ಟು ಹೊತ್ತು ಹೇಳಿದ್ದೆಲ್ಲ ಸಂಬಳ ಸರಿಯಾದ ದಿನಕ್ಕೆ ಕೊಡುವವರಿಗೆ ಮಾತ್ರ. ತಾರೀಕು ತಪ್ಪಿಸಿ, ಪ್ರೀತಿಯಲ್ಲಿ ಮಾತಾಡಿ ಪೊಕ್ಕಡೆ ಪ್ರಯೋಜನ ಇಲ್ಲ.

ಕಾನೂನಿನ ಕಡೆಯಿಂದ ಸಣ್ಣ ಜಾಗದವರು ಮರೆಯುವ ಕೆಲವು: 10 ಅಥವಾ ಹೆಚ್ಚು ಜನ ಇದ್ರೆ ಹೆಣ್ಣುಮಕ್ಕಳ ಮೇಲಿನ ಕಿರುಕುಳದ ದೂರು ಕೇಳ್ಲಿಕ್ಕೆ 2013ರ ಕಾನೂನಿನ ಪ್ರಕಾರ ಒಳಗಿನ ಸಮಿತಿ ಇರ್ಲೇಬೇಕು. 10 ಜನ ಆದಲ್ಲಿ, ತಿಂಗಳಿಗೆ 21,000 ರೂಪಾಯಿ ವರೆಗಿನ ಸಂಬಳದವರಿಗೆ ಇಎಸ್‌ಐ ಬರ್ತದೆ, ಕೆಲಸದವರ ಪಾಲು ಸಂಬಳದ ಶೇಕಡಾ 0.75, ನಿಮ್ಮ ಪಾಲು 3.25. ಇಎಸ್‌ಐ ಅಂದ್ರೆ ಕೆಲಸದವರ ಆರೋಗ್ಯ ವಿಮೆ. ಕೇರಳದಲ್ಲಿ ಅಂಗಡಿ ಕೆಲಸದವರಿಗೆ ಕೂರ್ಲಿಕ್ಕೆ ಜಾಗ ಕೊಡ್ಬೇಕು ಅಂತ 2018ರಲ್ಲಿ ಕಾನೂನಿಗೆ ತಿದ್ದುಪಡಿ ಆಗಿದೆ, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತ ಹೆಣ್ಣುಮಕ್ಕಳು ಹೋರಾಡಿ ತಂದ ಕಾನೂನು ಅದು. ಉಪ್ಪಳದ ಬಟ್ಟೆ ಅಂಗಡಿಯವರೇ, ಸ್ಟೂಲ್ ಇಟ್ಟಿದ್ದೀರಾ? ಕೇಂದ್ರದ ಹೊಸ ಲೇಬರ್ ಕೋಡುಗಳು 2025 ನವೆಂಬರ್ 21ರಿಂದ ಜಾರಿಗೆ ಬಂದಿವೆ, ಹಾಗಾಗಿ ಗ್ರಾಚುಯಿಟಿ, ಬೋನಸ್ ವಿಷಯಕ್ಕೆ ನಿಮ್ಮ ಅಕೌಂಟೆಂಟ್ ಹತ್ರ ಒಮ್ಮೆ ಕೇಳುದು ಒಳ್ಳೇದು.

ರಜೆಗೆ ವರ್ಷದ ಕ್ಯಾಲೆಂಡರ್ ಗೋಡೆಗೆ ಅಂಟಿಸಿ ಅವರವರ ದಿನ ಅವರೇ ಗುರುತು ಹಾಕ್ಲಿ, ಬಿಸು, ಓಣಂ, ಪೆರ್ನಾಲ್, ದೀಪಾವಳಿ, ಮನೆಯ ಭೂತಕೋಲ, ತರವಾಡಿನ ತೆಯ್ಯಂ, ಉರೂಸ್, ಚರ್ಚಿನ ಹಬ್ಬ. ಒಬ್ಬರ ಹಬ್ಬದ ದಿನ ಇನ್ನೊಬ್ಬರು ನೋಡ್ಕೊಂಡ್ರೆ ಶೆಡ್ ಮುಚ್ಚುವ ದಿನ ಕಮ್ಮಿ ಆಗ್ತದೆ. ಊರಲ್ಲಿ ರಾತ್ರಿ ಇಡೀ ಆಟ ಇದ್ದ ಮರುದಿನ ಬೆಳಿಗ್ಗೆ ನಿಖರ ತೂಕದ ಕೆಲಸ ಇಟ್ಕೊಳ್ಬೇಡಿ, ಇದು ನನ್ನ ಸ್ವಂತ ನಿಯಮ.

9. ಸರಿ ಆಯ್ತಾ ಅಂತ ನೋಡುದು ಹೇಗೆ

ಮೂರು ತಿಂಗಳು ಆದ ಮೇಲೆ ಒಂದು ದಿನ ಮೊದಲೇ ಹೇಳಿ ರಜೆ ಹಾಕಿ. ಫೋನ್ ಎತ್ತಿ, ಆದ್ರೆ ನೀವಾಗಿ ಮಾಡ್ಬೇಡಿ. ಬಂದ ಪ್ರತಿಯೊಂದು ಕಾಲನ್ನೂ ಎಂತಕ್ಕೆ ಅಂತ ಬರ್ದಿಡಿ. ಅದೇ ನಿಮ್ಮ ಮುಂದಿನ ಮೂರು ತಿಂಗಳ ಪಟ್ಟಿ, ಯಾವುದು ಕಲಿಸ್ಲಿಕ್ಕೆ ಬಾಕಿ ಉಂಟು, ಯಾವುದು ಬಿಟ್ಟು ಕೊಡ್ಲಿಕ್ಕೆ ಬಾಕಿ ಉಂಟು ಅಂತ ಅದರಲ್ಲಿ ಕಾಣ್ತದೆ. ಆ ದಿನ ಏನಾದ್ರೂ ಎಡವಟ್ಟಾದ್ರೆ ಮರುದಿನ ಬಂದು "ನಾನಿಲ್ಲದಿದ್ರೆ ಹೀಗೇ" ಅಂತ ಮಾತ್ರ ಹೇಳ್ಬೇಡಿ.

ನಾನು ಮೊದಲ ಸಲ ಹಾಗೆ ಪುತ್ತೂರಿಗೆ ಹೋದ ದಿನ 11 ಕಾಲ್ ಬಂದಿತ್ತು. ಅದರಲ್ಲಿ ನಾಲ್ಕು, ಗೋಡೌನಿನ ಕೀ ಎಲ್ಲಿ ಉಂಟು ಅಂತ. ಕೀ ನನ್ನ ಕಿಸೆಯಲ್ಲೇ ಇತ್ತು. ಮರುದಿನ ಬಂದು ಮಾಡಿದ ಮೊದಲನೇ ಕೆಲಸ, ಶೆಡ್ಡಿನ ಬಾಗಿಲ ಹಿಂದೆ ಒಂದು ಮೊಳೆ ಹೊಡೆದು ಕೀ ಅಲ್ಲಿ ನೇತು ಹಾಕಿದ್ದು.